ರಾಯಚೂರಿನಿಂದ ಹಿಮಕ್ಕೆ: ಸೋಲಂಗ್, ನಾರ್ಕಂಡ, ಔಲಿ ಮೂರರಲ್ಲೂ ಬಿದ್ದು ನೋಡಿದೆವು

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಕೀ ಆಟಗಾರನಲ್ಲ. ರಾಯಚೂರಿನಲ್ಲಿ ಹತ್ತಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ನಮ್ಮೂರಲ್ಲಿ ಬೇಸಿಗೆ ಬಂದರೆ 42 ಡಿಗ್ರಿ ಅಂದ್ರೆ ಯಾರೂ ಹುಬ್ಬು ಏರಿಸುವುದಿಲ್ಲ. ಅಂಥ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಗಳು ಮೊಬೈಲಲ್ಲಿ ಯಾರೋ ಹಿಮದ ಮೇಲೆ ಜಾರುವುದನ್ನು ನೋಡುತ್ತ, "ಅಪ್ಪಾ, ನಾವ್ಯಾಕ ಹೋಗಬಾರ್ದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಶುರುವಾದದ್ದು, ಈಗ ನಾಲ್ಕು ಪ್ರವಾಸ ಆಗಿದೆ.

ನಾವು ಐದು ಜನ. ನಾನು, ಹೆಂಡತಿ, ಮಗಳು, ಮಗ, ಮತ್ತೆ ಮಂಡಿನೋವಿನ ಅವ್ವ. ಅವ್ವನನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಹಾಗಾಗಿ ನಮಗೆ ಇಳಿಜಾರು ಎಷ್ಟು ಉದ್ದ ಅನ್ನುವುದಕ್ಕಿಂತ, ಅವ್ವ ಎಲ್ಲಿ ಕೂರಬೇಕು, ಚಹಾ ಎಷ್ಟು ದೂರ, ಬಾತ್‌ರೂಮ್ ಎಲ್ಲಿದೆ ಅನ್ನುವುದೇ ದೊಡ್ಡ ಪ್ರಶ್ನೆ.

ಇನ್ನೊಂದು ಪ್ರಶ್ನೆ ರಜೆಯದು. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಅಂದ್ರೆ ಅಕ್ಟೋಬರ್‌ನ ದಸರಾ, ಏಪ್ರಿಲ್-ಮೇ ಬೇಸಿಗೆ. ಎರಡೂ ಸ್ಕೀಗೆ ಕೆಲಸಕ್ಕೆ ಬರುವುದಿಲ್ಲ. ಈ ಜಾಗಗಳಲ್ಲಿ ಜಾರುವಷ್ಟು ಹಿಮ ಇರುವುದು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ಆದ್ದರಿಂದ ಜನವರಿ 26ರ ಹಿಂದೆ ಮುಂದೆ ಮಕ್ಕಳಿಗೆ ಒಂದು ವಾರ ರಜಾ ಚೀಟಿ. ಅದೇ ಹೊತ್ತಿಗೆ ನಮ್ಮ ಅಂಗಡಿಯಲ್ಲಿ ಹತ್ತಿ ಸೀಜನ್. ಸಾಹುಕಾರ್ರ ಮುಂದೆ ನಿಂತು "ಹಿಮ ನೋಡಾಕ ಹೋಗಬೇಕ್ರಿ" ಅಂತ ಕೇಳುವುದಕ್ಕೆ ಬೇಕಾದ ಧೈರ್ಯ, ಇಳಿಜಾರಿನ ತುದಿಯಲ್ಲಿ ನಿಲ್ಲುವುದಕ್ಕೂ ಬೇಕಾಗಲಿಲ್ಲ.

ಹಿಮಾಚಲದ ಸೋಲಂಗ್, ನಾರ್ಕಂಡ, ಉತ್ತರಾಖಂಡದ ಔಲಿ, ದೆಹಲಿವರೆಗಿನ ದಾರಿ ಮೂರಕ್ಕೂ ಒಂದೇ. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನ ಮೇಲೇ ಹೋಗುತ್ತದೆ. ನಡುರಾತ್ರಿ ದಾಟಿದ ಮೇಲೆ ಹತ್ತಿದರೆ, ಒಂದು ಹಗಲು, ಇನ್ನೊಂದು ರಾತ್ರಿ ಕಳೆದು ಬೆಳಗ್ಗೆ ದೆಹಲಿ. ಬಳ್ಳಾರಿ ಕಡೆಯವರು ಗುಂತಕಲ್‌ಗೆ ಬಂದು ಇದೇ ಗಾಡಿ ಹಿಡಿಯಬಹುದು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಂದು ಸ್ಟೀಲ್ ಡಬ್ಬಿ ತುಂಬ ಇದ್ದರೆ ರೈಲಿನ ಊಟದ ಖರ್ಚು ಉಳಿಯುತ್ತದೆ. ಬೆಟ್ಟದ ಮೇಲೂ ಅದೇ ಕೈ ಹಿಡಿಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಕಾಶ್ಮೀರದ ಗುಲ್ಮಾರ್ಗ್ ಯಾಕಿಲ್ಲ ಅಂತ ಕೇಳಬಹುದು. ಅಲ್ಲಿ ಗೊಂಡೋಲಾ, ಅಂದ್ರೆ ತಂತಿಯ ಮೇಲೆ ಹೋಗುವ ಕೇಬಲ್ ಕಾರು, ಸುಮಾರು 3,980 ಮೀಟರ್ ಎತ್ತರದ ತನಕ ಒಯ್ಯುತ್ತದೆ, ಹೆಸರೂ ದೊಡ್ಡದು. ಐದು ಜನಕ್ಕೆ ಶ್ರೀನಗರದ ವಿಮಾನ ಟಿಕೆಟ್ ಲೆಕ್ಕ ಹಾಕಿ ಪುಸ್ತಕ ಮುಚ್ಚಿಟ್ಟೆ.

ಮೊದಲು ಹೋದದ್ದು ಎಲ್ಲರೂ ಹೋಗುವ ಸೋಲಂಗ್‌ಗೆ. ಮನಾಲಿಯಿಂದ 13 ಕಿಲೋಮೀಟರ್ ಚಿಲ್ಲರೆ. ದೆಹಲಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮನಾಲಿ. ಹೋಟೆಲ್‌ಗಳು ಬೇಕಾದಷ್ಟಿವೆ, ಚೌಕಾಸಿ ಮಾಡಿದರೆ ಅಗ್ಗ. ಸೋಲಂಗ್ ದಾರಿಯಲ್ಲಿ ಅಂಗಡಿಗಳಿಗೆ ನಂಬರ್ ಬರೆದಿರುತ್ತದೆ. ಹಿಮದ ಕೋಟು, ಗಮ್‌ಬೂಟು ಬಾಡಿಗೆಗೆ ಸಿಗುತ್ತವೆ. ನಮ್ಮ ಟ್ಯಾಕ್ಸಿಯವನು ತನಗೆ ಬೇಕಾದ ನಂಬರಿನ ಮುಂದೆ ಗಾಡಿ ನಿಲ್ಲಿಸಿದ. ಅವ್ವನಿಗೆ ಕೊಟ್ಟ ಕೋಟು ಹಸಿರು, ಕಾಲರಿಗೆ ನರಿಬಾಲದಂಥ ತುಪ್ಪಳ. ಅವ್ವ ಕನ್ನಡಿ ನೋಡಿಕೊಂಡು ಹತ್ತು ನಿಮಿಷ ನಕ್ಕಳು. ಹಿಮ ಕಂಡಾಗ ಮಾತ್ರ ನಗಲಿಲ್ಲ. ಬಗ್ಗಿ ಮುಟ್ಟಿ, "ಇದೇನೋ, ಹತ್ತಿ ಹಿಂಜಿ ಹಾಸ್ಯಾರೇನು!" ಅಂದಳು. ಸಾಹುಕಾರ್ರು ಇದ್ದಿದ್ದರೆ ಅಲ್ಲೇ ತೂಕ ಹಾಕುತ್ತಿದ್ದರು.

ಸೋಲಂಗ್ ನೋಡಲು ಚೆಂದ, ಗದ್ದಲ ಮಾತ್ರ ನಮ್ಮೂರ ಸಂತೆಯದು. ಸ್ನೋ ಸ್ಕೂಟರ್, ಟ್ಯೂಬು, ಕುದುರೆ, ಫೋಟೊದವರು, ಮ್ಯಾಗಿ, ಎಲ್ಲ ಒಂದೇ ಬಯಲಲ್ಲಿ. ಸ್ಕೀ ಕಲಿಸುವವರು ಗಂಟೆ ಲೆಕ್ಕದಲ್ಲಿ ದರ ಹೇಳುತ್ತಾರೆ, ನಾವು ಅರ್ಧಕ್ಕೆ ಒಪ್ಪಿಸಿದೆವು. ಅವರೂ ಅರ್ಧವೇ ಕಲಿಸಿದರು. ಮಗಳ ಕಾಲಿಗೆ ಹಲಗೆ ಕಟ್ಟಿ, ಬೆನ್ನಿಗೆ ಕೈಕೊಟ್ಟು 20 ಅಡಿ ತಳ್ಳಿ, ಫೋಟೊ ತೆಗೆಸಿ, "ಹೋ ಗಯಾ" ಅಂದ. ಮಗನ ಅಳತೆಯ ಬೂಟೇ ಇರಲಿಲ್ಲ. ದೊಡ್ಡ ಬೂಟಿಗೆ ಎರಡು ಜೊತೆ ಸಾಕ್ಸ್ ತುರುಕಿ ನಿಲ್ಲಿಸಿದ. ಪಾದ ಒಳಗೆ ತಿರುಗಿದರೂ ಹಲಗೆ ತಿರುಗದು, ಹುಡುಗ ಏನು ಮಾಡಬೇಕು? ನಾಲ್ಕು ಸಲ ಬಿದ್ದು, "ನಂಗ ಬ್ಯಾಡ" ಅಂತ ಕೂತುಬಿಟ್ಟ. ಅದು ಅವನ ತಪ್ಪಲ್ಲ ಅಂತ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಇದ್ದ ಮೂರು ದಿನದಲ್ಲಿ ಸ್ಕೀ ಆದದ್ದು ಒಟ್ಟು ಎರಡು ಗಂಟೆ. ಉಳಿದದ್ದು ಟ್ರಾಫಿಕ್ಕು. ಅಟಲ್ ಸುರಂಗ 2020ರಲ್ಲಿ ಆದಮೇಲೆ 9 ಕಿಲೋಮೀಟರ್ ದಾಟಿ ಲಾಹೌಲ್ ಕಡೆಗೂ ಗಾಡಿಗಳು ಸಾಲುಗಟ್ಟಿ ಹೋಗುತ್ತವೆ. ನಾವು ಅದೇ ರಸ್ತೆಯಲ್ಲಿ ಎರಡೂವರೆ ಗಂಟೆ ನಿಂತಿದ್ದೆವು. ಮನೆ ಬಿಟ್ಟು ಮನೆ ಸೇರುವ ತನಕದ ಖರ್ಚು 71 ಸಾವಿರ.

ಇನ್ನು ನಾರ್ಕಂಡ. ಶಿಮ್ಲಾದಿಂದ 60 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ರಾಮ್‌ಪುರದ ಕಡೆ ಹೋಗುವ ಹೆದ್ದಾರಿಯ ಮೇಲೇ ಇರುವ ಪುಟ್ಟ ಪೇಟೆ. ಎತ್ತರ ಸುಮಾರು 2,700 ಮೀಟರ್. ನಮ್ಮ ರಾಯಚೂರು 400. ಸುತ್ತ ದೇವದಾರು, ಸೇಬಿನ ತೋಟ. ದಾರಿಯೇ ಅರ್ಧ ಪ್ರವಾಸ. ಕಾಲ್ಕಾದಿಂದ ಶಿಮ್ಲಾಕ್ಕೆ 96 ಕಿಲೋಮೀಟರ್ ಪುಟಾಣಿ ರೈಲು, 1903ರದು. ನೂರಕ್ಕೂ ಹೆಚ್ಚು ಸುರಂಗ. ಮಗ ಎಣಿಸುತ್ತ ಕೂತವನು ನಲವತ್ತಕ್ಕೆ ನಿದ್ದೆ ಹೋದ. ಶಿಮ್ಲಾದಿಂದ ಸರ್ಕಾರಿ ಬಸ್ಸು. ಐದು ಜನಕ್ಕೆ ಟ್ಯಾಕ್ಸಿ ಬೇಕಿಲ್ಲ ಅನ್ನುವುದು ಲೆಕ್ಕ ಬರೆಯುವವನಿಗೆ ಎಷ್ಟು ಖುಷಿ ಅಲ್ವಾ.

ಆದರೆ ನಾವು ಮೊದಲ ಸಲ ಹೋದದ್ದು 2024ರ ಜನವರಿ. ಆ ತಿಂಗಳು ಹಿಮಾಲಯದ ಆ ಭಾಗವೆಲ್ಲ ಒಣಗಿ ಕೂತಿತ್ತು. ಗುಲ್ಮಾರ್ಗ್‌ನಲ್ಲೇ ಮಣ್ಣು ಕಾಣುತ್ತಿತ್ತು ಅಂದಮೇಲೆ ನಾರ್ಕಂಡದ ಪಾಡೇನು? ಇಳಿಜಾರಿನಲ್ಲಿ ಕಂದು ಹುಲ್ಲು, ಎರಡು ಹಸು. ಹೆಂಡತಿ ಏನೂ ಅನ್ನಲಿಲ್ಲ. ಅದೇ ಕಷ್ಟ. ಹಾಟು ಶಿಖರಕ್ಕೆ ಹೋಗಿ ಮರದ ದೇವಸ್ಥಾನ ನೋಡಿ, ಸುತ್ತಲ ಬೆಳ್ಳನೆ ಬೆಟ್ಟಗಳನ್ನು ದೂರದಿಂದ ತೋರಿಸಿ ಮಕ್ಕಳನ್ನು ಸಮಾಧಾನ ಮಾಡಿದೆ. ನಾವು ಊರಿಗೆ ಬಂದು ಬ್ಯಾಗು ಬಿಚ್ಚುವಷ್ಟರಲ್ಲಿ, ತಿಂಗಳ ಕೊನೆಗೆ, ಅಲ್ಲಿ ಹಿಮ ಬಿತ್ತು.

ರೈಲು ಟಿಕೆಟ್ 60 ದಿನ ಮುಂಚೆ ತೆಗೆಯಬೇಕು, ಹಿಮದ ಸುದ್ದಿ ಸಿಗುವುದು ನಾಲ್ಕೈದು ದಿನ ಮುಂಚೆ. ಈ ಎರಡಕ್ಕೂ ಗಂಟು ಹಾಕುವುದು ಹೇಗೆ? ಮುಂದಿನ ಚಳಿಗಾಲಕ್ಕೆ ನಾವು ಮಾಡಿದ್ದು ಇಷ್ಟು: ಶಿಮ್ಲಾದ ತನಕ ಮಾತ್ರ ಎಲ್ಲ ಗಟ್ಟಿ. ನಾರ್ಕಂಡದ ರೂಮಿಗೆ ಮುಂಗಡ ಕೊಡಲಿಲ್ಲ. ಶಿಮ್ಲಾದಲ್ಲಿ ಎರಡು ದಿನ ಕಾದೆವು. ಎರಡನೇ ರಾತ್ರಿ ಮೋಡ ಇಳಿಯಿತು. ಬೆಳಗ್ಗೆ ರಸ್ತೆ ಮುಚ್ಚಿತ್ತು, ಯಂತ್ರ ಬಂದು ಹಿಮ ತಳ್ಳಿದ ಮೇಲೆ ಮಧ್ಯಾಹ್ನ ಬಸ್ಸು ಬಿಟ್ಟರು. ಇಳಿದು ನೋಡಿದರೆ ಪೇಟೆಗೆ ಪೇಟೆಯೇ ಬೆಳ್ಳಗೆ, ಹಂಚಿನ ಅಂಚಿನಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನಿಲ್ಲ.

ಅಲ್ಲಿ ಸಿಕ್ಕ ಮಾಸ್ತರ್ ಸ್ಥಳೀಯ ಹುಡುಗ. ಚಳಿಗಾಲದಲ್ಲಿ ಸ್ಕೀ, ಉಳಿದ ಕಾಲ ಸೇಬಿನ ತೋಟ. ನಮ್ಮ ರಾಯಚೂರಿನ ಹಿಂದಿ ಕೇಳಿ ಅವನಿಗೆ ನಗು, ಆದರೆ ಅರ್ಥ ಆಗುತ್ತಿತ್ತು. ಸಾಮಾನು ಸೇರಿ ಒಬ್ಬರಿಗೆ ದಿನಕ್ಕೆ 1,200. ಗಂಟೆ ಲೆಕ್ಕ ಇಲ್ಲ, ಮೂರು ದಿನ. ಅವನು ಮೊದಲು ಮಾಡಿದ್ದೇ ಮಗನ ಪಾದ ಅಳೆದದ್ದು. ಸ್ಕೀ ಬೂಟಿನ ನಂಬರು ಸೆಂಟಿಮೀಟರ್‌ನಲ್ಲಿ ಇರುತ್ತದಂತೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಸಾಕ್ಸ್ ಒಂದೇ ಜೊತೆ. ಹಲಗೆ ನಿಲ್ಲಿಸಿದರೆ ಗದ್ದದ ಮಟ್ಟಕ್ಕೆ ಬರಬೇಕು. ಸೋಲಂಗ್‌ನಲ್ಲಿ ಇದರಲ್ಲಿ ಒಂದನ್ನೂ ಯಾರೂ ನಮಗೆ ಹೇಳಿರಲಿಲ್ಲ.

ಮೊದಲ ಬೆಳಗ್ಗೆ ಪೂರ್ತಿ ಬೀಳುವುದನ್ನೇ ಕಲಿಸಿದ. ಹಿಂದಕ್ಕೆ ಬೀಳಬೇಡ, ಪಕ್ಕಕ್ಕೆ ಬೀಳು. ಎದ್ದೇಳುವ ಮುಂಚೆ ಎರಡೂ ಹಲಗೆ ಇಳಿಜಾರಿಗೆ ಅಡ್ಡ ಇಟ್ಟುಕೋ, ಇಲ್ಲದಿದ್ದರೆ ಏಳುತ್ತಿದ್ದಂತೆ ಜಾರಿಕೊಂಡು ಹೋಗುತ್ತೀ. ಆಮೇಲೆ ಅಡ್ಡಡ್ಡ ಹೆಜ್ಜೆ ಇಟ್ಟು ಮೇಲೆ ಹತ್ತುವುದು. ಮೇಲೆ ಒಯ್ಯುವ ಲಿಫ್ಟು ಅಲ್ಲಿ ನಮಗೆ ಇರಲಿಲ್ಲ, ಕಾಲೇ ಗತಿ. ಮಧ್ಯಾಹ್ನಕ್ಕೆ ಬ್ರೇಕು. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ಭಾಗ ಅಗಲ. ಹಿಮ್ಮಡಿ ಹೊರಗೆ ತಳ್ಳಿದರೆ ಒಳಗಿನ ಅಂಚು ಹಿಮಕ್ಕೆ ಕಚ್ಚಿ ವೇಗ ಇಳಿಯುತ್ತದೆ. ಮಗ ಮೊದಲ ಸಲ ತಾನೇ ನಿಂತಾಗ ಹಲಗೆಯ ಕೆಳಗೆ ಹಿಮ ಕರಕರ ಅಂದಿತು, ಅವ್ವ ಕಟಕ ರೊಟ್ಟಿ ಮುರಿದ ಹಾಗೆ. ಅವನು ತಿರುಗಿ ನೋಡಿದ. ನಿಂತದ್ದು ತಾನೇನಾ ಅಂತ ಅವನಿಗೇ ಅನುಮಾನ. ಮೂರನೇ ದಿನ ಅಕ್ಕತಮ್ಮ ಇಬ್ಬರೂ ಪಂದ್ಯ ಕಟ್ಟಿ ಇಳಿಯುತ್ತಿದ್ದರು. ನಾನು? ಬೀಳುವುದರಲ್ಲಿ ಪಾಸಾದೆ.

ಅವ್ವ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಢಾಬಾದ ಮುಂದೆ ಕೂತಿದ್ದಳು. ಢಾಬಾದ ಅಜ್ಜಿ ಜೊತೆ ಭಾಷೆಯಿಲ್ಲದೆ ದೋಸ್ತಿ. ಗುರೆಳ್ಳು ಚಟ್ನಿ ಕೊಟ್ಟು ಸೇಬಿನ ಜಾಮ್ ತಂದಳು. ರಾತ್ರಿ ನಲ್ಲಿಯ ನೀರು ಪೈಪಿನಲ್ಲೇ ಗಟ್ಟಿ, ಬಕೆಟ್‌ನಲ್ಲಿ ಬಿಸಿನೀರು ತಂದುಕೊಟ್ಟರು. ಆರು ಗಂಟೆ ಆದರೆ ಪೇಟೆ ಮಲಗುತ್ತದೆ, ಸುಮ್ನೆ ತಿರುಗಾಡಲು ಏನೂ ಇಲ್ಲ. ನಮಗೆ ಅದು ಚೊಲೋನೇ ಅನಿಸಿತು. ಖರ್ಚು 54 ಸಾವಿರ. ಹಿಮ ಸಿಗದ ವರ್ಷದ್ದನ್ನು ಇದಕ್ಕೆ ಸೇರಿಸಬೇಕು ಅಂತ ಹೆಂಡತಿಯ ವಾದ. ಸೇರಿಸಿದರೆ ನಾರ್ಕಂಡವೇ ಎಲ್ಲಕ್ಕಿಂತ ದುಬಾರಿ. ಈ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಔಲಿ ಬೇರೆಯೇ ಮಟ್ಟ. ಉತ್ತರಾಖಂಡದ ಚಮೋಲಿ ಜಿಲ್ಲೆ, ಜೋಶಿಮಠದ ಮೇಲಿನ ಬೆಟ್ಟ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆ ನಡೆದ ಜಾಗ. ಇಳಿಜಾರು ಮೇಲಿನಿಂದ ಕೆಳಗೆ ಉದ್ದಕ್ಕೆ ಹಾಸಿದ ಕಂಬಳಿಯ ಹಾಗಿದೆ, ಕೂತು ಹೋಗುವ ಚೇರ್ ಲಿಫ್ಟು ಇದೆ. ಎದುರಿಗೆ 7,816 ಮೀಟರ್‌ನ ನಂದಾದೇವಿ. ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನ, 14 ದಿನದ ಸ್ಕೀ ಕೋರ್ಸು ನಡೆಸುತ್ತಾರೆ. ನಿಜವಾಗಿ ಕಲಿಯಬೇಕು ಅನ್ನುವವರಿಗೆ ನಾನು ಕಂಡ ಮೂರರಲ್ಲಿ ಇದೇ ಮೇಲು.

ತೊಂದರೆ ದಾರಿಯದು. ಹೃಷಿಕೇಶದಿಂದ ಜೋಶಿಮಠಕ್ಕೆ 250 ಕಿಲೋಮೀಟರ್ ಹತ್ತಿರ, ಪೂರ್ತಿ ತಿರುವು. ಮಗಳಿಗೆ ದೇವಪ್ರಯಾಗ ಬರುವಷ್ಟರಲ್ಲಿ ವಾಂತಿ. ಅಲಕನಂದಾ, ಭಾಗೀರಥಿ ಸೇರಿ ಗಂಗೆ ಆಗುವ ಜಾಗದಲ್ಲಿ ಅವ್ವ ಕೈಮುಗಿದು ನಿಂತರೆ, ನಾನು ನಿಂಬೆಹಣ್ಣು ಹುಡುಕುತ್ತಿದ್ದೆ. ಒಂದೇ ದಿನಕ್ಕೆ ಮಕ್ಕಳ ಜೊತೆ ಆಗುವ ಮಾತಲ್ಲ ಅಂತ ರುದ್ರಪ್ರಯಾಗದಲ್ಲಿ ಉಳಿದೆವು. ಹೋಗುವಾಗ ಒಂದು, ಬರುವಾಗ ಒಂದು, ಹೀಗೆ ಎರಡು ರಾತ್ರಿ ದಾರಿಗೇ ಹೋಯಿತು. ಜೋಶಿಮಠದಿಂದ ಔಲಿಗೆ 4 ಕಿಲೋಮೀಟರ್‌ನ ರೋಪ್‌ವೇ ಇದೆ, ಆದರೆ 2023ರ ಜನವರಿಯಲ್ಲಿ ಊರಿನ ನೆಲ ಕುಸಿಯತೊಡಗಿದಾಗ ನಿಂತದ್ದು, ನಾವು ಹೋದಾಗಲೂ ನಿಂತೇ ಇತ್ತು. ರಸ್ತೆಯೇ ದಾರಿ. ಕೊನೆಯ ತಿರುವುಗಳಲ್ಲಿ ಮಂಜುಗಡ್ಡೆ, ಟ್ಯಾಕ್ಸಿಯವನು ಇಳಿದು ಚಕ್ರಕ್ಕೆ ಸರಪಳಿ ಕಟ್ಟಿದ. ಗೋಡೆ ಬಿರುಕು ಬಿಟ್ಟ ಮನೆಗಳನ್ನು ದಾಟಿಕೊಂಡು ರಜೆ ಕಳೆಯಲು ಹೋಗುವುದು ಮನಸ್ಸಿಗೆ ಒಂಥರಾ ಆಗುತ್ತದೆ.

ನಾರ್ಕಂಡದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಮಕ್ಕಳು ಎರಡನೇ ದಿನವೇ ಲಿಫ್ಟು ಹತ್ತಿ ಇಳಿದರು. ಏನೂ ಗೊತ್ತಿಲ್ಲದೆ ನೇರ ಇಲ್ಲಿಗೆ ಬಂದಿದ್ದರೆ ಆ ಉದ್ದ ನೋಡಿಯೇ ಹೆದರುತ್ತಿದ್ದರು. ಅವ್ವನೂ ಚೇರ್ ಲಿಫ್ಟಿನಲ್ಲಿ ಕೂತಳು, ಕಣ್ಣು ಮುಚ್ಚಿಕೊಂಡು. ಅವಳ ಪಾಲಿಗೆ ಔಲಿ ಅಂದ್ರೆ ಜೋಶಿಮಠದ ನರಸಿಂಹ ದೇವಸ್ಥಾನ. ಚಳಿಗಾಲದಲ್ಲಿ ಬದರಿ ಬಾಗಿಲು ಹಾಕಿದಾಗ ಶಂಕರಾಚಾರ್ಯರ ಗದ್ದುಗೆ ಅಲ್ಲಿಗೆ ಬರುತ್ತದೆ. "ಬದರಿಗೆ ಹೋದಂಗಾತು" ಅಂತ ಅವಳೇ ತೀರ್ಮಾನ ಮಾಡಿದಳು.

ಮೇಲೆ ಊಟ ದುಬಾರಿ, ಪ್ರತಿ ಸಾಮಾನೂ ಕೆಳಗಿನಿಂದ ಬರಬೇಕಲ್ಲ. ಒಂದು ರಾತ್ರಿ ನಾವಿದ್ದ ಹೋಟೆಲಿನಲ್ಲಿ ಹೀಟರ್ ಕೆಟ್ಟು, ಅಡುಗೆಯವನೂ ಕೆಳಗಿಳಿದು ಹೋಗಿದ್ದ. ಐದೂ ಜನ ಒಂದೇ ರಜಾಯಿಯ ಸುತ್ತ ಕೂತು ಡಬ್ಬಿಯ ಕೊನೆಯ ಸಜ್ಜೆ ರೊಟ್ಟಿ ಮುಗಿಸಿದೆವು. ಖರ್ಚು 83 ಸಾವಿರ.

ಯಾರಾದರೂ ಕೇಳಿದರೆ ನಾನು ಹೇಳುವುದು: ಹಿಮ ಮುಟ್ಟಿ ಫೋಟೊ ಸಾಕು ಅಂದ್ರೆ ಸೋಲಂಗ್, ಅದೂ ವಾರದ ನಡುವೆ, ಬೆಳಗ್ಗೆ ಎಂಟರೊಳಗೆ. ಮಕ್ಕಳು ಕಲಿಯಬೇಕು, ದುಡ್ಡು ಕಮ್ಮಿ, ಸಿಗದಿದ್ದರೂ ಬೇಜಾರಿಲ್ಲ ಅನ್ನುವವರು ನಾರ್ಕಂಡ. ಹತ್ತು ದಿನ ರಜೆ ಇದ್ದು, ಒಮ್ಮೆ ಬಿದ್ದು ಎದ್ದವರು ಔಲಿ. ಎಲ್ಲಿಗೆ ಹೋದರೂ ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಬಟ್ಟೆ ಒಣಗುವುದಿಲ್ಲ, ಮೈಯ ಬಿಸಿ ಕುಡಿಯುತ್ತದೆ. ಹತ್ತಿ ವ್ಯಾಪಾರದವನು ಹೀಗೆ ಹೇಳಬಾರದು, ಏನು ಮಾಡಲಿ. ಕಪ್ಪು ಕನ್ನಡಕ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ನಮ್ಮ ಮೇ ತಿಂಗಳಿಗಿಂತ ಕಣ್ಣು ಕುಕ್ಕುತ್ತದೆ.

ಈ ಸಲವೂ ಜನವರಿ ಕೊನೆಗೆ ಕಾಲ್ಕಾದ ತನಕ ಟಿಕೆಟ್ ಆಗಿದೆ. ಶಿಮ್ಲಾದಲ್ಲಿ ಮೂರು ದಿನ ಕಾಯುವ ಲೆಕ್ಕ. ನಾರ್ಕಂಡದ ಮಾಸ್ತರ್‌ಗೆ ನಿನ್ನೆ ಫೋನ್ ಮಾಡಿದ್ದೆ. ಹಿಮದ ಬಗ್ಗೆ ಅವನು ಏನೂ ಹೇಳಲಿಲ್ಲ, ಮಗನ ಪಾದ ಅಳೆದು ಕಳಿಸಿ ಅಂದ. 23 ಸೆಂಟಿಮೀಟರ್ ಆಗಿದೆ.