ಬಾಯಿ ಕ್ಯಾನ್ಸರ್ ಮಾರ್ಕರ್ ಟೆಸ್ಟ್: ಕೆಲಸ ಅಚ್ಚುಕಟ್ಟು, ರಿಪೋರ್ಟಿನ ಕೊನೆಯ ಸಾಲು ಮಾತ್ರ ತಪ್ಪು

5ಕ್ಕೆ 3 ಸ್ಟಾರ್ ಕೊಡುತ್ತಿದ್ದೇನೆ. ಲ್ಯಾಬಿನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಅವರು ತಪ್ಪನ್ನು ತಿದ್ದಿಕೊಂಡರು.

ಅಣ್ಣನ ನಾಲಗೆಯ ಅಂಚಿನಲ್ಲಿ ಒಂದು ಹುಣ್ಣು ವಾಸಿಯಾಗಲೇ ಇಲ್ಲ. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಅಂತ ಬಂತು. ಬಾಯಿ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಇದೇ ಬಗೆಯವು. ಆಪರೇಷನ್ ಆದ ಮೇಲೆ ನಾವೇ ಕೇಳಿಕೊಂಡು, ಗಡ್ಡೆಯ ಬ್ಲಾಕನ್ನು (ಮೇಣದಲ್ಲಿ ಕೂರಿಸಿಟ್ಟ ತುಂಡು) ಪ್ರೋಟೀನ್ ಮಾರ್ಕರ್ ಪ್ಯಾಕೇಜಿಗೆ ಕೊಟ್ಟೆವು, ಅಂದರೆ ಗಡ್ಡೆಯ ಕೋಶಗಳಲ್ಲಿ ಕೆಲವು ಪ್ರೋಟೀನ್‌ಗಳು ಇವೆಯಾ ಅಂತ ನೋಡುವ ಟೆಸ್ಟುಗಳಿಗೆ. ಪಿ53, ಕೆಐ-67, ಇಜಿಎಫ್‌ಆರ್, ಪಿ16, ನಾಲ್ಕೂ ಒಟ್ಟಿಗೆ.

ಕೆಲಸದಲ್ಲಿ ಒಂದು ಕೊರತೆ ಕಾಣಲಿಲ್ಲ. ಬ್ಲಾಕಿನ ನಂಬರನ್ನು ನಮ್ಮ ಎದುರಿಗೇ ಎರಡು ಸಲ ಓದಿ ಬರೆದುಕೊಂಡರು. ಕೇಳಿದ್ದಕ್ಕೆ ಪೆಥಾಲಜಿಸ್ಟ್ ಮೇಡಂ ಸ್ಲೈಡನ್ನೇ ತೋರಿಸಿದರು. ಮೇಣದಲ್ಲಿ ಕೂರಿಸಿದ ಗಡ್ಡೆಯನ್ನು ಸುಮಾರು 4 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಅದರ ಮೇಲೆ ಆಂಟಿಬಾಡಿ ಹಾಕುತ್ತಾರೆ. ಆ ಪ್ರೋಟೀನ್ ಎಲ್ಲಿದೆಯೋ ಅಲ್ಲಿ ಕಂದು ಬಣ್ಣ ಹತ್ತುತ್ತದೆ, ಉಳಿದದ್ದು ತಿಳಿ ನೀಲಿ. ಕೆಐ-67 ಸ್ಲೈಡಿನಲ್ಲಿ ಕಂದು ಚುಕ್ಕೆ ಕಂಡರೆ ಆ ಜೀವಕೋಶ ಒಡೆದು ಎರಡಾಗುವ ಹಾದಿಯಲ್ಲಿದೆ ಅಂತ ಅರ್ಥ. ಬಣ್ಣ ಸರಿಯಾಗಿ ಹತ್ತಿದೆಯಾ ಅಂತ ನೋಡಲು ಪಕ್ಕದಲ್ಲೇ ಟಾನ್ಸಿಲ್‌ನ ಕಂಟ್ರೋಲ್ ಸ್ಲೈಡ್ ಇಟ್ಟಿದ್ದರು.

ಎಡವಿದ್ದು ರಿಪೋರ್ಟಿನ ಕೊನೆಯಲ್ಲಿ. ಕೆಐ-67 60%, ಪಿ53 ಪಾಸಿಟಿವ್, ಆದ್ದರಿಂದ ರೋಗಿಯ ಮುಂದಿನ ಸ್ಥಿತಿ ಚೆನ್ನಾಗಿಲ್ಲ ಅಂತ ಒಂದೇ ಸಾಲು. ಅತ್ತಿಗೆ ಅದನ್ನು ಮೊಬೈಲಿನಲ್ಲಿ ಓದಿದರು. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ.

ಮರುದಿನ ಆಪರೇಷನ್ ಮಾಡಿದ ಡಾಕ್ಟರು ಈ ರಿಪೋರ್ಟನ್ನು ಪಕ್ಕಕ್ಕಿಟ್ಟು, ಮೊದಲೇ ಬಂದಿದ್ದ ಸಾಮಾನ್ಯ ಹಿಸ್ಟೋಪೆಥಾಲಜಿ ರಿಪೋರ್ಟನ್ನು (ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವುದು) ತೆಗೆದರು. ಗಡ್ಡೆ ಒಳಗೆ ಇಳಿದ ಆಳ 4 ಮಿಲಿಮೀಟರ್, ಸುತ್ತ ಆರೋಗ್ಯವಂತ ಅಂಚು 7 ಮಿಲಿಮೀಟರ್, ಕುತ್ತಿಗೆಯ ಗಂಟುಗಳಲ್ಲಿ ಕ್ಯಾನ್ಸರ್ ಇಲ್ಲ. 2018ರಿಂದ ಬಳಕೆಯಲ್ಲಿರುವ, ಕ್ಯಾನ್ಸರ್‌ನ ಹಂತ ಗುರುತಿಸುವ ಎಜೆಸಿಸಿ ಕೈಪಿಡಿಯ 8ನೇ ಆವೃತ್ತಿಯಲ್ಲಿ ಬಾಯಿ ಕ್ಯಾನ್ಸರ್‌ನ ಹಂತ ಹೇಳಲು ಗಡ್ಡೆಯ ಅಗಲದ ಜೊತೆ ಈ ಆಳವನ್ನೂ ನೋಡುತ್ತಾರೆ (5 ಮತ್ತು 10 ಮಿಲಿಮೀಟರ್ ಅಲ್ಲಿ ಗಡಿ), ಗಂಟಿನ ಹೊರಪದರ ಒಡೆದು ರೋಗ ಹೊರಗೆ ಬಂದಿದೆಯಾ ಅಂತಲೂ ನೋಡುತ್ತಾರೆ. ಕೆಐ-67 ಆಗಲಿ ಪಿ53 ಆಗಲಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೆಐ-67ಗೆ ಬಾಯಿ ಕ್ಯಾನ್ಸರ್‌ನಲ್ಲಿ ಎಲ್ಲರೂ ಒಪ್ಪಿದ ಗಡಿ ಸಂಖ್ಯೆಯೂ ಇಲ್ಲ. ಪಿ53 ಜೀನ್ ಕೆಟ್ಟಿರುವುದು ಈ ರೋಗದಲ್ಲಿ ಬಹಳ ಸಾಮಾನ್ಯ, ಅದು ಕೆಟ್ಟಾಗ ಬಣ್ಣ ಜೋರಾಗಿ ಹತ್ತಬಹುದು, ಒಂದಿಷ್ಟೂ ಹತ್ತದೆಯೂ ಇರಬಹುದು. ಬರೀ ಪಾಸಿಟಿವ್ ಅಂತ ಬರೆದರೆ ಏನು ಗೊತ್ತಾಗುತ್ತದೆ, ಅಲ್ವಾ?

ಪ್ಯಾಕೇಜಿನ ಆಯ್ಕೆಯೂ ನನಗೆ ಹಿಡಿಸಲಿಲ್ಲ. ಪಿ16ಗೆ ನಿಜವಾದ ಬೆಲೆ ಗಂಟಲಿನ ಕ್ಯಾನ್ಸರ್‌ನಲ್ಲಿ, ಅಂದರೆ ಟಾನ್ಸಿಲ್ ಮತ್ತು ನಾಲಗೆಯ ಬುಡದಲ್ಲಿ. ಅಲ್ಲಿ 70% ಜೀವಕೋಶಗಳಿಗೆ ಬಣ್ಣ ಗಾಢವಾಗಿ ಹತ್ತಿದರೆ ಎಚ್‌ಪಿವಿ ವೈರಸ್‌ನಿಂದ ಬಂದದ್ದು ಅಂತ ಹಿಡಿದು, ಬೇರೆಯೇ ಹಂತ ಹೇಳುತ್ತಾರೆ. ನಾಲಗೆಯ ಮುಂಭಾಗಕ್ಕೋ ಕೆನ್ನೆಗೋ ಅದೇ ಮಾತು ಹೊಂದುವುದಿಲ್ಲ. ಸುಮ್ನೆ ಅದಕ್ಕೂ ಒಂದು ತುಣುಕು ಕೊಯ್ದರು.

ಚಿಕಿತ್ಸೆಯನ್ನೇ ಬದಲಿಸಬಲ್ಲ ಪಿಡಿ-ಎಲ್1 ಎಂಬ ಪ್ರೋಟೀನಿನ ಟೆಸ್ಟ್ ಮಾತ್ರ ಪ್ಯಾಕೇಜಿನಲ್ಲಿ ಇಲ್ಲ! ರೋಗ ಮರುಕಳಿಸಿದರೆ ಅಥವಾ ದೂರಕ್ಕೆ ಹರಡಿದರೆ, ಪೆಂಬ್ರೋಲಿಝುಮಾಬ್ ಎಂಬ ಇಮ್ಯುನೋಥೆರಪಿ ಔಷಧಿ ಕೊಡಬೇಕೇ ಅಂತ ನಿರ್ಧರಿಸಲು ಇದರ ಸಿಪಿಎಸ್ ಅಂಕಿ (ಗಡ್ಡೆ ಕೋಶಗಳಿಗೆ ಹೋಲಿಸಿದರೆ ಪಿಡಿ-ಎಲ್1 ಬಣ್ಣ ಹತ್ತಿದ ಕೋಶಗಳು ಎಷ್ಟು ಅನ್ನುವ ಲೆಕ್ಕ) ಕೇಳುತ್ತಾರೆ. ಅದನ್ನು ಎಣಿಸಲು ಸ್ಲೈಡಿನಲ್ಲಿ ಕನಿಷ್ಠ 100 ಜೀವಂತ ಗಡ್ಡೆ ಕೋಶಗಳಾದರೂ ಬೇಕು. ಬ್ಲಾಕ್ ಚಿಕ್ಕದಿದ್ದವರು ಬೇಡದ ಟೆಸ್ಟುಗಳಿಗೆ ಅದನ್ನು ಸವೆಸಬೇಡಿ, ದಯವಿಟ್ಟು.

ನಾನು ಫೋನ್ ಮಾಡಿ ಹೇಳಿದಾಗ ಮೇಡಂ ವಾದ ಮಾಡಲಿಲ್ಲ. ಆ ಸಾಲು ತೆಗೆದು, ಹಿಸ್ಟೋಪೆಥಾಲಜಿ ರಿಪೋರ್ಟಿನ ಜೊತೆಗಿಟ್ಟು ಓದಬೇಕು ಅಂತ ಸೇರಿಸಿ, ಎರಡೇ ದಿನದಲ್ಲಿ ಹೊಸ ರಿಪೋರ್ಟ್ ಕಳಿಸಿದರು. ಬ್ಲಾಕನ್ನೂ ಭದ್ರವಾಗಿ ವಾಪಸ್ ಕೊಟ್ಟರು. ಅದು ಈಗ ಅಣ್ಣನ ಫೈಲಿನ ಜೊತೆಗೇ ಇದೆ.