ಬೀಡೋ, ಗ್ರಾನೈಟೋ? ಕಾರವಾರದ ಶೆಡ್‌ನಲ್ಲಿ ಮೂರು ಸರ್ಫೇಸ್ ಪ್ಲೇಟ್

ಕೋಡಿಬಾಗದಲ್ಲಿ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡಿದ್ದೇನೆ. ಅಳತೆಗೆ ಅಂತ ಈವರೆಗೆ ಮೂರು ಸರ್ಫೇಸ್ ಪ್ಲೇಟ್, ಅಂದರೆ ಅಳೆಯುವಾಗ ಆಧಾರಕ್ಕೆ ಇಟ್ಟುಕೊಳ್ಳುವ ತೀರಾ ಸಮತಟ್ಟಾದ ಹಲಗೆ, ಬಳಸಿ ನೋಡಿದೆ.

ಮೊದಲನೆಯದು ಅಡುಗೆಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು. ಮುಖ ಕಾಣುವಷ್ಟು ಹೊಳಪು. ಆದರೆ ದಪ್ಪ ಬರೀ 18 ಮಿ.ಮೀ. ಡಯಲ್ (ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಗೇಜ್) ಇಟ್ಟು ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಮುಳ್ಳು ಓಡುತ್ತದೆ. ಅದೀಗ ಬಾವಿ ಹತ್ತಿರ ಬಟ್ಟೆ ಒಗೆಯುವ ಕಲ್ಲು.

ಎರಡನೆಯದು ಗುಜರಿಯಲ್ಲಿ ಸಿಕ್ಕ ಬೀಡಿನ (ಎರಕದ ಕಬ್ಬಿಣದ) ಪ್ಲೇಟ್. ಮಾರ್ಚ್‌ನಲ್ಲಿ ಒಳ್ಳೆಯ ಹುಡುಗ, ಜೂನ್‌ನಲ್ಲಿ ತಲೆನೋವು. ರಾತ್ರಿ ಎಣ್ಣೆ ಒರೆಸೋದು ಮರೆತರೆ ಬೆಳಿಗ್ಗೆ ನನ್ನದೇ ಬೆರಳಚ್ಚು ತುಕ್ಕಿನಲ್ಲಿ ಮೂಡಿರುತ್ತದೆ. ಸ್ಪ್ಯಾನರ್ ಬಿದ್ದರೆ ಗುಂಡಿಯ ಸುತ್ತ ಅಂಚು ಏಳುತ್ತದೆ, ಅದನ್ನು ಸಾಣೆಕಲ್ಲಿನಿಂದ ಉಜ್ಜಿ ತೆಗೆಯಬೇಕು. ಆದರೆ ರಿಪೇರಿ ನಮ್ಮ ಕೈಯಲ್ಲೇ ಇದೆ. ಸಮತಟ್ಟಾದ ಗ್ರಾನೈಟ್ ಪ್ಲೇಟ್ ಮೇಲೆ ನೀಲಿ ಬಣ್ಣ ಹಚ್ಚಿ, ಇದನ್ನು ಬೋರಲು ಹಾಕಿ ತಿಕ್ಕಿ, ನೀಲಿ ಹತ್ತಿದ ಉಬ್ಬುಗಳನ್ನೆಲ್ಲ ಸ್ಕ್ರೇಪರ್‌ನಿಂದ ಕೆರೆಯುವುದು. ನಾಲ್ಕು ಭಾನುವಾರ ಹಿಡಿಯಿತು, ಸೊಂಟ ಹೋಯಿತು, ಪ್ಲೇಟ್ ಸರಿಯಾಯಿತು.

ಮೂರನೆಯದು ಹಳೆಯ ಕಪ್ಪು ಗ್ರಾನೈಟ್ ಪ್ಲೇಟ್, 630×400×100 ಮಿ.ಮೀ. ಸುಮಾರು 75 ಕೆಜಿ. ತುಕ್ಕಿನ ಚಿಂತೆಯೇ ಇಲ್ಲ. ಏನಾದರೂ ಬಿದ್ದರೆ ಚೂರು ಹಾರಿ ಗುಂಡಿ ಬೀಳುತ್ತದೆ ಅಷ್ಟೆ, ಅಂಚು ಏಳುವುದಿಲ್ಲ. ಆದರೆ ಡಯಲ್ ಕೂರಿಸುವ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಹಿಡಿಯಲ್ಲ, ಸುಮ್ನೆ ಜಾರುತ್ತದೆ.

ನಾನು ಎಡವಿದ್ದು ಇದರ ರಿಪೇರಿಯಲ್ಲೇ. ಹೈಟ್ ಗೇಜ್ (ಎತ್ತರ ಅಳೆಯುವ ಸಾಧನ) ಯಾವಾಗಲೂ ಓಡಾಡಿದ ನಡುಭಾಗ ಸವೆದಿತ್ತು. ಗೆರೆಗೆ 0.002 ಮಿ.ಮೀ. ತೋರಿಸುವ ಲಿವರ್ ಡಯಲ್ ಸ್ಟ್ಯಾಂಡ್ ಸಮೇತ ಎಳೆದರೆ ಅಲ್ಲಿ ಮುಳ್ಳು ಆರು ಗೆರೆ ಇಳಿಯುತ್ತಿತ್ತು. ಬೀಡಿನ ತುಂಡು, ಡೈಮಂಡ್ ಪೇಸ್ಟ್ ಹಿಡಿದು ಒಂದು ಸಂಜೆಯೆಲ್ಲ ತಿಕ್ಕಿದೆ. ತಗ್ಗು ಹಾಗೇ ಉಳಿಯಿತು, ಜೊತೆಗೆ ಒಂದು ಅಂಚೂ ಇಳಿಯಿತು! ತಗ್ಗನ್ನು ಎತ್ತಲಾಗಲ್ಲ, ಸುತ್ತಲಿನದ್ದನ್ನೆಲ್ಲ ಇಳಿಸಬೇಕು, ಅಲ್ವಾ? ಪ್ರತಿ ಸುತ್ತಿಗೂ ಇಡೀ ಪ್ಲೇಟ್ ಅಳೆಯದೆ ಆ ಕೆಲಸಕ್ಕೆ ಕೈ ಹಾಕಬಾರದಿತ್ತು. ಕೊನೆಗೆ ಲ್ಯಾಪಿಂಗ್ (ಪೇಸ್ಟ್ ಹಾಕಿ ತಿಕ್ಕಿ ಸಮ ಮಾಡುವ ಕೆಲಸ) ಮಾಡುವವರಿಗೇ ಕಳಿಸಿದೆ.

ಈಗ ಅದನ್ನು ಮೂರೇ ಕಾಲಿನ ಮೇಲೆ ಕೂರಿಸಿದ್ದೇನೆ, ನಾಲ್ಕಾದರೆ ತಿರುಚುತ್ತದೆ. ಸ್ಪಿರಿಟ್ ಬಟ್ಟೆಯಿಂದ ಒರೆಸುತ್ತೇನೆ. ಸೋಪುನೀರು ಹಾಕಿದರೆ ಮೇಲ್ಮೈ ತಣ್ಣಗಾಗಿ ಸ್ವಲ್ಪ ಹೊತ್ತು ಆಕಾರ ಕೆಡುತ್ತದೆ, ಹಾಗಾಗಿ ತೊಳೆದ ದಿನ ಅಳತೆ ಇಲ್ಲ. ಮುಚ್ಚಲು ಪ್ಲೈವುಡ್. ಬೀಡಿನದ್ದು ಗ್ರೀಸ್ ಬಳಿದುಕೊಂಡು ಮೇಜಿನ ಕೆಳಗಿದೆ, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಕೆಲಸ ಬಂದಾಗ ಮಾತ್ರ ಮೇಲೆ ಬರುತ್ತದೆ.