ಮೊಣಕೈ ಲೇಸರ್ ಮಷಿನ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದ ಕೈ ನಂದು. ಹೋದ ವರ್ಷ ಬಲ ಮೊಣಕೈ ಹೊರಮಗ್ಗುಲು ಹಿಡಿದುಕೊಂಡು ಚಹಾ ಲೋಟ ಎತ್ತೋದೂ ಕಷ್ಟ ಆಯ್ತು. ಟೆನಿಸ್ ಎಲ್ಬೋ ಅಂದ್ರು. ಟೆನಿಸ್ ಬ್ಯಾಟ್ ಮುಟ್ಟಿದವಳೂ ಅಲ್ಲ ನಾನು! ಫಿಸಿಯೋಥೆರಪಿಯಲ್ಲಿ ಲೇಸರ್ ಹಿಡಿದ್ರು, ಒಂದು ಸಿಟ್ಟಿಂಗಿಗೆ 350 ರೂಪಾಯಿ, ಆಟೋ ಬೇರೆ. ಹತ್ತು ಸಲ ಹೋಗಿಬಂದು, ಲೆಕ್ಕ ಹಾಕಿ, 11,000 ಕೊಟ್ಟು ಮನೆಗೇ ಕೈಮಷಿನ್ ತರಿಸಿದೆ.

ರಾತ್ರಿ ಹೊಲಿಗೆ ಮಷಿನ್‌ಗೆ ಬಟ್ಟೆ ಹೊದಿಸಿ, ಫ್ಯಾನ್ ಕೆಳಗೆ ಕೂತು, ಹಸಿರು ಕನ್ನಡಕ ಏರಿಸಿ, ಮೊಣಕೈ ಎಲುಬಿನ ಪಕ್ಕಕ್ಕೆ ಒತ್ತಿ ಹಿಡಿದರೆ ಹತ್ತು ನಿಮಿಷ. ಬಿಸಿ ಇಲ್ಲ, ಚುರುಕ್ ಅನ್ನೋದಿಲ್ಲ. ಕನ್ನಡಕದೊಳಗಿಂದ ಕೆಂಪು ದೀಪವೇ ಕಾಣಲ್ಲ, ಉರೀತಿದೆ ಅಂತ ನಂಬಿ ಕೂರಬೇಕು. 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರು ಕೂದಲು ಬೋಳಿಸಿದ ಇಲಿಗಳ ಮೇಲೆ ಲೇಸರ್ ಬಿಟ್ಟಾಗ ಕೂದಲು ಬೇಗ ಬಂತಂತೆ. ನನ್ನ ಮೊಣಕೈಗೇನೂ ಬಂದಿಲ್ಲ. ನೋವು ಮಾತ್ರ ಐದು ತಿಂಗಳಲ್ಲಿ ಅರ್ಧಕ್ಕರ್ಧ ಇಳೀತು. ಸಿಕ್ಕವರಿಗೆಲ್ಲ ತಗೊಳ್ಳಿ ಅಂತ ಹೇಳಿಕೊಂಡು ಓಡಾಡಿದೆ.

ಎಂಟನೇ ತಿಂಗಳಲ್ಲಿ ಅಕ್ಕನ ಮಗ ಬಂದಿದ್ದ. ಮಷಿನ್ನಿನ ಬೆಳಕನ್ನ ಬಿಳಿ ಲೈನಿಂಗ್ ಬಟ್ಟೆ ಮೇಲೆ ಬಿಟ್ಟು, ಫೋನಿನ ಮುಂದಿನ ಕ್ಯಾಮೆರಾದಲ್ಲಿ ನೋಡಿದ. ಇದರಲ್ಲಿ ಎರಡು ಬೆಳಕಂತೆ: 650 ನ್ಯಾನೋಮೀಟರಿನ (ಬೆಳಕಿನ ಅಲೆಯ ಉದ್ದ) ಕೆಂಪು ಕಣ್ಣಿಗೇ ಕಾಣುತ್ತೆ, ಆಳಕ್ಕಿಳಿಯೋದು 808ರ ಇನ್‌ಫ್ರಾರೆಡ್, ಕಣ್ಣಿಗೆ ಕಾಣಲ್ಲ, ಕ್ಯಾಮೆರಾದಲ್ಲಿ ನೇರಳೆಯಾಗಿ ಕಾಣಬೇಕಂತೆ. ಕ್ಯಾಮೆರಾದಲ್ಲಿ ನೇರಳೆ ಕಾಣಲೇ ಇಲ್ಲ. ನನಗೆ ಬೇಕಾದ ಬೆಳಕೇ ಸತ್ತುಹೋಗಿತ್ತು.

ಯಾವಾಗ ಸತ್ತಿತು? ಮಷಿನ್ ಬೀಪ್ ಅಂತಾನೇ ಇತ್ತು. ಕಂಪನಿಗೆ ಫೋನ್ ಮಾಡಿದ್ರೆ "ಕೆಂಪು ದೀಪ ಬರ್ತಿದೆಯಲ್ಲ ಮೇಡಂ" ಅಂದ್ರು. ವಾರಂಟಿ ಆರೇ ತಿಂಗಳು. ಆವತ್ತಿಂದ ಒಂದೇ ಯೋಚನೆ: ಎರಡನೇ ತಿಂಗಳಲ್ಲೇ ಕೆಟ್ಟಿದ್ರೆ ನೋವು ಇಳಿಸಿದ್ದು ಯಾರು? ಅದೇ ಹೊತ್ತಿಗೆ ಕಟಿಂಗನ್ನ ಕೆಲಸದ ಹುಡುಗಿಗೆ ಬಿಟ್ಟಿದ್ದೆ. ಫಿಸಿಯೋ ಹೇಳಿದಂತೆ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನ ನಿಧಾನಕ್ಕೆ ಇಳಿಸೋದನ್ನೂ ಬಿಟ್ಟಿರಲಿಲ್ಲ. ಲೇಸರ್ ದಂಡ ಅನ್ನೋದಿಲ್ಲ, ಕ್ಲಿನಿಕ್ಕಿನ ಹತ್ತು ಸಿಟ್ಟಿಂಗಿನಲ್ಲೇ ಬೆರಳಲ್ಲಿ ವಸ್ತುಗಳನ್ನ ಬಿಗಿಯಾಗಿ ಹಿಡಿಯೋಕೆ ಆಗ್ತಿತ್ತು.

ತಗೊಳ್ಳೋರು ಪೆಟ್ಟಿಗೆ ಬಿಚ್ಚಿದ ದಿನವೇ ಕ್ಯಾಮೆರಾದಲ್ಲಿ ನೋಡಿ, ಆಮೇಲೆ ತಿಂಗಳಿಗೊಮ್ಮೆ ನೋಡಿ. ನಾಲ್ಕು ಸ್ಟಾರ್ ಕೊಡೋಣ ಅಂತಿದ್ದೆ, ಈಗ ಎರಡು. ರಿಪೇರಿಗೆ 4,000 ಕೇಳ್ತಿದ್ದಾರೆ. ಅದರಲ್ಲಿ ಹನ್ನೊಂದು ಸಿಟ್ಟಿಂಗ್ ಆಗುತ್ತೆ, ಆಟೋ ದುಡ್ಡು ಬಿಟ್ಟು.